ಅಕ್ಕವ್ವನಿಗೆ ತೆರಿಗೆ ಬಿದ್ದ ವರ್ಷ

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಲಕಮನಹಳ್ಳಿಯಿಂದ. ಅಲ್ಲಿ ನನ್ನ ಗಂಡ ನಟ್ಟು ಬೋಲ್ಟು ಮಾಡುವ ಸಣ್ಣದೊಂದು ಕಾರ್ಖಾನೆ ನಡೆಸುತ್ತಿದ್ದರು. ಕಾರ್ಖಾನೆಗೆ ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ಮಾರಿದರೆ ಏನೂ ಬರುವುದಿಲ್ಲವೆಂದು ಆಟೋದಲ್ಲಿ ಹಾಕಿಕೊಂಡು ಬಂದು ಧಾರವಾಡದ ಮನೆಯ ಪಡಸಾಲೆಯಲ್ಲಿ ಇಟ್ಟರು. ಜೊತೆಗೊಂದು ಸಿ.ಡಿ. ಇತ್ತು. ಬಡ್ಡಿ, ಡಿವಿಡೆಂಡು, ಮನೆಯ ಜಮಾಖರ್ಚು ಎಲ್ಲವನ್ನೂ ತುಂಬುತ್ತ ಹೋದರೆ ವರ್ಷದ ಕೊನೆಗೆ ತೆರಿಗೆಗೆ ಬೇಕಾದ ಲೆಕ್ಕ ತೆಗೆದುಕೊಡುವ ಸಾಫ್ಟ್‌ವೇರ್. ಅಮೆರಿಕದವರು ಮಾಡಿದ್ದು.

"ನೀ ಬಿ.ಕಾಂ. ಆಗೀಯಲ್ಲ, ನೋಡು ಅದನ್ನ," ಎಂದು ಹೇಳಿ ಗಂಡ ಊಟಕ್ಕೆ ಕುಳಿತರು.

ನಾನು ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಬೆಳೆದವಳು. ಧಾರವಾಡಕ್ಕೆ ಸೊಸೆಯಾಗಿ ಬಂದ ಮೇಲೆ ಆ ಡಿಗ್ರಿಯಿಂದ ಮಾಡಿದ ಘನಕಾರ್ಯವೆಂದರೆ ಹಾಲಿನವನ ಲೆಕ್ಕದಲ್ಲಿ ತಪ್ಪು ಹಿಡಿಯುವುದೊಂದೇ. ಧಾರವಾಡದವರು ಹುಬ್ಬಳ್ಳಿಯವರ ಮಾತು ಒರಟು ಅನ್ನುತ್ತಾರೆ. ಅನ್ನಲಿ. ನಮ್ಮಲ್ಲಿ ರೊಕ್ಕದ ಮಾತನ್ನು ರೊಕ್ಕದ ಮಾತೆಂದೇ ಆಡುತ್ತಾರೆ. ಇಲ್ಲಿ ಅದಕ್ಕೂ ಮೊದಲು ಚಹಾ ಆಗಬೇಕು, ಆರೋಗ್ಯ ವಿಚಾರಿಸಬೇಕು, ಆಮೇಲೆ ಏನೋ ನೆನಪಾದವರಂತೆ "ಅಂದಂಗ..." ಎಂದು ಶುರು ಮಾಡಬೇಕು.

ಮಾವ ಹುಬ್ಬಳ್ಳಿಯಲ್ಲಿ ಹತ್ತಿಯ ದಲಾಲಿ ಮಾಡಿದವರು. ತೊಂಬತ್ತರ ದಶಕದ ನಡುವಿನಲ್ಲಿ ಮೊಣಕಾಲು ಕೈಕೊಟ್ಟಾಗ ಅಂಗಡಿ ಮಾರಿ, ಬಂದದ್ದನ್ನು ಬ್ಯಾಂಕಿನ ಠೇವಣಿ, ಷೇರು, ಡಿಬೆಂಚರು ಎಂದು ಹರಡಿಟ್ಟಿದ್ದರು. ಹರಡುವುದೆಂದರೆ ಹೆಸರುಗಳ ಮೇಲೆ ಹರಡುವುದು. ಒಬ್ಬರ ಹೆಸರಿನಲ್ಲೇ ಇಟ್ಟರೆ ಬಡ್ಡಿಯ ಮೇಲೆ ತೆರಿಗೆ ಬೀಳುತ್ತದೆ. ಹಂಚಿಟ್ಟರೆ ಒಬ್ಬೊಬ್ಬರದೂ ಮಿತಿಯ ಕೆಳಗೇ ಉಳಿಯುತ್ತದೆ. ಹೀಗಾಗಿ ಒಂದಿಷ್ಟು ಅವರದೇ ಹೆಸರಿಗೆ, ಒಂದಿಷ್ಟು ಮಗನ ಹೆಸರಿಗೆ, ಒಂದಿಷ್ಟು ನನ್ನ ಹೆಸರಿಗೆ, ದೊಡ್ಡದೊಂದು ಪಾಲು ಅವರ ಅಕ್ಕನ ಹೆಸರಿಗೆ. ನಮ್ಮ ಕಡೆಯ ವ್ಯಾಪಾರಸ್ಥರ ಮನೆಗಳಲ್ಲಿ ಇದು ರೂಢಿ. ಹೆಸರು ಹೆಂಗಸರದು, ಕೀಲಿಕೈ ಗಂಡಸರದು.

ಆ ಅಕ್ಕನನ್ನು ಮನೆಯವರೆಲ್ಲ ಅಕ್ಕವ್ವ ಎನ್ನುತ್ತಿದ್ದೆವು. ಹೆಬ್ಬಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರಂತೆ. ಇನ್ನೂ ಹುಡುಗಿಯಾಗಿರುವಾಗಲೇ ಗಂಡ ತೀರಿಹೋಗಿ, ಒಂದು ಟ್ರಂಕು ಹಿಡಿದುಕೊಂಡು ತವರಿಗೆ ಮರಳಿದವರು. ಅಂದಿನಿಂದ ತಮ್ಮನ ಮನೆಯ ಒಲೆ ಅವರದು. ನಾನು ಬರುವ ಮೊದಲೇ ನನ್ನ ಅತ್ತೆ ತೀರಿಕೊಂಡಿದ್ದರಿಂದ ನನಗೆ ಅತ್ತೆಯೂ ಅವರೇ ಆದರು. ರೊಟ್ಟಿ ಬಡಿಯುವುದನ್ನು ಕಲಿಸಿದವರು ಅವರು. ನನ್ನ ರೊಟ್ಟಿ ಸರಿಯಾಗಿ ಬಂದ ದಿನ "ಹೂಂ, ಇದನ್ನ ಮಂದಿಗೆ ಹಾಕಬಹುದು" ಅಂದರು. ಅವರ ಬಾಯಿಂದ ಅಷ್ಟು ಬಂದರೆ ಅದೇ ಸನ್ಮಾನ.

ಪ್ರತಿ ಏಪ್ರಿಲ್‌ನಲ್ಲಿ ಮಾವ ಒಂದಿಷ್ಟು ಫಾರ್ಮು ಹಿಡಿದು ಅಡುಗೆಮನೆಯ ಬಾಗಿಲಿಗೆ ಬರುತ್ತಿದ್ದರು. ನನಗೆ ತೆರಿಗೆ ಬೀಳುವಷ್ಟು ಆದಾಯವಿಲ್ಲ, ಬಡ್ಡಿಯಲ್ಲಿ ಏನೂ ಹಿಡಿಯಬೇಡಿರಿ ಎಂದು ಬ್ಯಾಂಕಿಗೆ ಬರೆದುಕೊಡುವ ಫಾರ್ಮು ಅವು. ಅಕ್ಕವ್ವ ಸೆರಗಿಗೆ ಕೈ ಒರೆಸಿಕೊಂಡು "ಎಲ್ಲಿ ಹಾಕಬೇಕು?" ಎಂದು ಕೇಳುತ್ತಿದ್ದರು. ಮಾವ ಬೆರಳು ತೋರಿಸಿದಲ್ಲಿ, ಸಾಲಿಯಲ್ಲಿ ಕಲಿತ ದುಂಡು ಅಕ್ಷರದಲ್ಲಿ, ಬಿಡಿಬಿಡಿಯಾಗಿ ಸಹಿ ಹಾಕುತ್ತಿದ್ದರು. ಅದು ಏನು, ಎಷ್ಟರದು ಎಂದು ಅವರು ಕೇಳಿದ್ದನ್ನು ನಾನು ನೋಡಿರಲಿಲ್ಲ.

ಸಾಫ್ಟ್‌ವೇರ್ ಶುರು ಮಾಡುವುದಕ್ಕೇ ನನಗೆ ಸಾಕುಸಾಕಾಯಿತು. ಎಲ್ಲಿ ನೋಡಿದರೂ ಡಾಲರ್ ಗುರುತು. ತಾರೀಕು ಬರೆಯುವಾಗ ತಿಂಗಳು ಮೊದಲು ಬರಬೇಕು. ಹದಿನೈದನೇ ತಾರೀಕು ಬಡ್ಡಿ ಬಂತೆಂದು ಬರೆದರೆ, ಹದಿನೈದನೆಯ ತಿಂಗಳು ಎಂಬುದಿಲ್ಲ ಎಂದು ನನಗೇ ಪಾಠ ಹೇಳುತ್ತಿತ್ತು. ಇವೆಲ್ಲ ಸರಿ ಮಾಡಿದ ಮೇಲೆ ಮಾವನ ತಕರಾರು ಬಂತು. ಹೊಸ ಲೆಕ್ಕ ಯಾವತ್ತಿದ್ದರೂ ದೀಪಾವಳಿ ಪಾಡ್ಯದಂದೇ ತೆರೆಯಬೇಕು ಅಂದರು. ಅಂಗಡಿ ಇದ್ದಾಗ ಪಾಡ್ಯದ ದಿನ ಕೀರ್ದಿ ಪುಸ್ತಕಗಳ ಪೂಜೆ. ಅಂಗಡಿ ಹೋದ ಮೇಲೆ ಅದೇ ಮಣೆಯ ಮೇಲೆ ಠೇವಣಿ ರಸೀದಿಗಳ ಪೂಜೆ. ಆ ವರ್ಷ ಕಂಪ್ಯೂಟರಿಗೂ ವಿಭೂತಿ ಹಚ್ಚಿ, ಕೀಬೋರ್ಡಿನ ಮೇಲೆ ಚೆಂಡುಹೂವು ಇಟ್ಟರು. ಹೂವಿನ ಎಸಳು ಗುಂಡಿಗಳ ಸಂದಿಗೆ ಸೇರಿ, ಅವನ್ನು ಹೇರ್‌ಪಿನ್ನಿನಿಂದ ತೆಗೆಯುವುದರಲ್ಲಿ ನನ್ನ ಹಬ್ಬ ಮುಗಿಯಿತು.

ತೆರಿಗೆಯ ವರ್ಷ ಏಪ್ರಿಲ್‌ನಿಂದ ಶುರುವಾಗುತ್ತದೆ ಎಂದು ಹೇಳಿ ನೋಡಿದೆ. "ಸರಕಾರದ್ದು ಸರಕಾರಕ್ಕ, ನಮ್ಮದು ನಮಗ," ಎಂದರು ಮಾವ. ಹೀಗಾಗಿ ಮೊದಲನೆಯ ವರದಿ ಪಾಡ್ಯದಿಂದ ಪಾಡ್ಯದವರೆಗೆ, ಅಚ್ಚುಕಟ್ಟಾಗಿ, ಮೇಲೆ ಕೆಳಗೆ ಗೆರೆ ಹೊಡೆದು ಬಂತು. ಅದನ್ನು ವಕೀಲರ ಹತ್ತಿರ ತೆಗೆದುಕೊಂಡು ಹೋದೆ. ನಮ್ಮ ಕಡೆ ಇನ್‌ಕಮ್ ಟ್ಯಾಕ್ಸ್ ನೋಡುವವರು ಕೋರ್ಟಿನ ಮೆಟ್ಟಿಲು ಹತ್ತದಿದ್ದರೂ ವಕೀಲರೇ. ಅವರು ಪುಟ ತಿರುವಿ ನೋಡಿ, ಕನ್ನಡಕ ತೆಗೆದು ನಕ್ಕರು.

"ಛಲೋ ಮಾಡೀರಿ ಬಿಡ್ರಿ. ಲಕ್ಷ್ಮೀದೇವಿಗೆ ರಿಟರ್ನ್ ತುಂಬೂದಿದ್ರ ಇದ ಸಾಕು."

ಮೈ ಉರಿದುಹೋಯಿತು. ಮನೆಗೆ ಬಂದು, ಮಾವನಿಗೆ ಏನೂ ಹೇಳದೆ, ಎಲ್ಲವನ್ನೂ ಅಳಿಸಿ ಏಪ್ರಿಲ್‌ನಿಂದ ಮತ್ತೆ ತುಂಬಿದೆ. ಮೊದಲ ಸಲ ಅವಸರದಲ್ಲಿ ಬಿಟ್ಟದ್ದನ್ನೂ ಈ ಸಲ ತುಂಬಿದೆ. ಒಂದೊಂದು ಠೇವಣಿಯ ಹಣವೂ ಎಲ್ಲಿಂದ ಬಂತು ಎಂದು ಬರೆಯುವ ಕಡೆ ಬರೆದೆ. ಮಾಲೀಕರು ಯಾರು ಎಂದು ಕೇಳುವ ಚೌಕವೊಂದಿತ್ತು, ಅದನ್ನೂ ತುಂಬಿದೆ. ಮಾವ ಹಿಂದೆ ನಿಂತು ನೋಡುತ್ತಿದ್ದರು.

"ಮನೀದು ಅಂತ ಬರಿ," ಅಂದರು.

"ಮನಿ ರಿಟರ್ನ್ ತುಂಬೂದಿಲ್ಲಲ್ರಿ ಮಾವಾರ. ಒಬ್ಬೊಬ್ಬರ ಹೆಸರಲೇ ಬರೀಬೇಕು."

ಅವರು "ಏನರ ಮಾಡ್ಕೋ," ಎಂದು ಹೊರಗೆ ಹೋದರು.

ಎರಡನೆಯ ಸಲ ವಕೀಲರು ನಗಲಿಲ್ಲ. ನನ್ನ ಹೆಸರಿನ ಪುಟದ ಮೇಲೆ ಪೆನ್ಸಿಲ್ ಇಟ್ಟು, ಈ ರೊಕ್ಕ ನಿಮಗೆ ಮಾವ ಕೊಟ್ಟದ್ದೇನು ಎಂದು ಕೇಳಿದರು. ಹೌದೆಂದೆ. ಹಾಗಿದ್ದರೆ ಅದರ ಬಡ್ಡಿಯನ್ನು ಮಾವನ ಲೆಕ್ಕಕ್ಕೇ ಸೇರಿಸಬೇಕು ಅಂದರು. ಮಾವ ಸೊಸೆಗೆ ಕೊಟ್ಟರೂ ಅಷ್ಟೇ, ಗಂಡ ಹೆಂಡತಿಗೆ ಕೊಟ್ಟರೂ ಅಷ್ಟೇ. ಹೆಸರು ಬದಲಾದರೂ ಕಾಯದೆ ಅದನ್ನು ಕೊಟ್ಟವರ ಆದಾಯವೆಂದೇ ನೋಡುತ್ತದೆ.

"ಮತ್ತ ಅಕ್ಕವ್ವಾರದು?"

"ಅಕ್ಕಗ ಕೊಟ್ಟದ್ದು ಅಕ್ಕಂದರಿ. ಅದಕ್ಕೇನೂ ಅಡ್ಡಿಲ್ಲ. ಅದರ ಬಡ್ಡೀನೂ ಆಕೀದ."

ಮನೆಗೆ ಬಂದು ಕಂಪ್ಯೂಟರಿನಲ್ಲಿ ನನ್ನ ಹೆಸರಿನ ಠೇವಣಿಗಳನ್ನು ಒಂದೊಂದಾಗಿ ಮಾವನ ಹೆಸರಿಗೆ ಸರಿಸಿದೆ. ಕೊನೆಯದನ್ನು ಸರಿಸಿದಾಗ ನನ್ನ ಪುಟದಲ್ಲಿ ಹೆಸರೊಂದು ಉಳಿದು, ಕೆಳಗೆ ಸೊನ್ನೆ ಬಂತು. ಅದು ನನ್ನ ರೊಕ್ಕವೆಂದು ನಾನು ಎಂದೂ ತಿಳಿದುಕೊಂಡಿರಲಿಲ್ಲ ನಿಜ. ಆದರೂ ಆ ಸೊನ್ನೆಯನ್ನು ಎರಡೆರಡು ಸಲ ನೋಡಿದೆ. ತವರಿನವರು ಕೊಟ್ಟದ್ದು ಬಂಗಾರ ಮತ್ತು ಹಿತ್ತಾಳೆ ಪಾತ್ರೆ. ಅವಕ್ಕೆ ಬಡ್ಡಿ ಬರುವುದಿಲ್ಲ. ಬಿ.ಕಾಂ. ಆದವಳದು ಸೊನ್ನೆ, ರೊಟ್ಟಿ ಬಡಿಯುತ್ತ ಬಂದ ಅಕ್ಕವ್ವನ ಪುಟ ತುಂಬಿ ಮುಂದಿನ ಪುಟಕ್ಕೆ ಹೋಗಿತ್ತು. ನನಗೆ ಹೊಟ್ಟೆಕಿಚ್ಚಾಯಿತು. ಹಾಗೆಂದು ಹೇಳಲು ನನಗೆ ನಾಚಿಕೆಯಿಲ್ಲ.

ಆ ಹೊಟ್ಟೆಕಿಚ್ಚಿನಲ್ಲೇ ಆ ಪುಟಗಳನ್ನು ಹಿಡಿದು ಅಡುಗೆಮನೆಗೆ ಹೋಗಿ, "ನೋಡ್ರಿ ಅಕ್ಕವ್ವಾರ, ನೀವು ಸಾವ್ಕಾರ್ತಿ ಆಗೀರಿ," ಎಂದೆ. ಅವರು ಪಾತ್ರೆ ತೊಳೆಯುವುದನ್ನು ಬಿಟ್ಟು ಬಂದು ಕುಳಿತರು. ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಅಂಕಿಗಳು ಬರುತ್ತಿದ್ದವು. ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು, ಇದು ಯಾವುದು, ಇದು ಯಾವ ಬ್ಯಾಂಕು ಎಂದು ಕೇಳುತ್ತ ಬಂದರು.

"ಇದೆಲ್ಲಾ ನಂದು ಅಂತ ಯಾರು ಬರದಾರ?"

"ನಾನ ಬರದೇನ್ರಿ."

"ನೀ ಬರದ್ರ ಆತೇನು?"

"ಕಾಯದೇನೂ ಹಂಗ ಹೇಳತೈತಂತ್ರಿ. ವಕೀಲರು ಹೇಳಿದ್ರು. ಮಾವಾರು ನಿಮಗ ಕೊಟ್ಟಾರ, ಅದು ನಿಮ್ಮದ ಆತು."

ಅವರು ಪುಟಗಳನ್ನು ಮಡಚಿ ಬೇಳೆ ಡಬ್ಬಿಯ ಮೇಲೆ ಇಟ್ಟು, ಉಳಿದ ಪಾತ್ರೆ ತೊಳೆಯಲು ಎದ್ದರು.

ಆ ಸಾಫ್ಟ್‌ವೇರಿಗೆ ಮುಂದಿನ ವರ್ಷ ಏನೇನು ಬರಲಿದೆ ಎಂದು ಮೊದಲೇ ತೋರಿಸುವ ಗುಣವೊಂದಿತ್ತು. ಮಾರ್ಚ್ ತಿಂಗಳಲ್ಲಿ ಅದನ್ನು ತೆಗೆದು ನೋಡಿದರೆ, ಅಕ್ಕವ್ವನ ಹೆಸರಿನ ಎರಡು ಠೇವಣಿಗಳ ಅವಧಿ ಒಂದೇ ವರ್ಷದಲ್ಲಿ ಮುಗಿಯುವುದಿತ್ತು. ಅಸಲಿನ ಜೊತೆ ಬಡ್ಡಿ ಬೆಳೆಯುತ್ತ ಹೋಗಿ ಕೊನೆಗೆ ಒಟ್ಟಿಗೆ ಕೈಗೆ ಬರುವಂಥ ಠೇವಣಿಗಳು ಅವು. ಎರಡೂ ಕೂಡಿಬಂದರೆ ಅವರ ಆದಾಯ ಮಿತಿ ದಾಟುತ್ತಿತ್ತು. ತೆರಿಗೆ ಬೀಳುತ್ತಿತ್ತು. ದೊಡ್ಡದೇನಲ್ಲ, ಮನೆಯ ಎರಡು ತಿಂಗಳ ಹಾಲಿನ ಬಿಲ್ಲಿನಷ್ಟು.

ಮಾವನಿಗೆ ತೋರಿಸಿದೆ. ಅವರು ಹುರುಪಾದರು, ಹತ್ತಿಯ ದರ ಏರಿದಾಗ ಹೀಗೆ ಆಗುತ್ತಿದ್ದರೇನೋ. ಒಂದು ಠೇವಣಿಯನ್ನು ಮಾರ್ಚ್ ಮುಗಿಯುವ ಮೊದಲೇ ಮುರಿಸಿ, ಅದರ ಬಡ್ಡಿಯನ್ನು ಈ ವರ್ಷದ ಲೆಕ್ಕಕ್ಕೇ ತೆಗೆದು, ಹಣವನ್ನು ಮಗನ ಹೆಸರಿಗೆ ಹಾಕಿಬಿಡೋಣ ಅಂದರು. ಮುರಿಸಬೇಕಾದರೆ ರಸೀದಿಯ ಹಿಂದೆ ರೆವಿನ್ಯೂ ಸ್ಟಾಂಪು ಹಚ್ಚಿ ಅದರ ಮೇಲೆ ಅಕ್ಕವ್ವ ಸಹಿ ಹಾಕಬೇಕು. ಅಷ್ಟೇ ಕೆಲಸ ಎಂದುಕೊಂಡೆವು.

ಮೊದಲ ದಿನ ಅಕ್ಕವ್ವ "ಕೈ ಹಿಟ್ಟಾಗ್ಯಾವ" ಅಂದರು. ಮರುದಿನ ಹೋದಾಗಲೂ ಕೈ ಹಿಟ್ಟಾಗಿದ್ದವು. ಆಮೇಲೆ ಒಂದು ದಿನ ಲಿಂಗಪೂಜೆಗೆ ಕುಳಿತವರು ಮಾವ ಕಾದು ಕಾದು ಎದ್ದುಹೋಗುವವರೆಗೂ ಏಳಲಿಲ್ಲ. ಇನ್ನೊಂದು ದಿನ ಕನ್ನಡಕ ಸಿಗಲಿಲ್ಲ. ಸಿಕ್ಕ ದಿನ ಅಮಾವಾಸ್ಯೆ. ಅಮಾವಾಸ್ಯೆಯಂದು ರೊಕ್ಕದ ಕಾಗದಕ್ಕೆ ಸಹಿ ಹಾಕಬಾರದೆಂಬ ನೇಮ ಆ ಮನೆಯಲ್ಲಿ ಮಾಡಿದವರೇ ಮಾವ. ಹೀಗಾಗಿ ಅವರು ಪೆನ್ನಿಗೆ ಟೊಪ್ಪಿಗೆ ಹಾಕಿ ಹೊರಳಿದರು. "ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನು," ಎಂದು ನನ್ನ ಮುಂದೆ ನಕ್ಕರು. ಅವರಿಗೆ ಇನ್ನೂ ಗೊತ್ತಾಗಿರಲಿಲ್ಲ. ನನಗೆ ಗೊತ್ತಾಗಿತ್ತು.

ತಿಂಗಳು ಮುಗಿಯಲು ಬಂದಾಗ ಒಂದು ಬೆಳಿಗ್ಗೆ ಮಾವ ಒಲೆಯ ಹತ್ತಿರವೇ ಮಣೆ ಹಾಕಿಕೊಂಡು ಕುಳಿತರು.

"ಅಕ್ಕಾ, ಇವತ್ತ ಹಾಕಬೇಕು ನೋಡು. ಬ್ಯಾಂಕಿನವರು ಆಮ್ಯಾಲ ಕೇಳೂದಿಲ್ಲ."

"ಯಾಕ ಮುರಸಾಕತ್ತಿ ಅದನ್ನ?"

"ನಿನ್ನ ಮ್ಯಾಲ ಟ್ಯಾಕ್ಸ್ ಬೀಳತೈತಿ."

"ಬೀಳಲಿ."

ಮಾವ ನನ್ನ ಮುಖ ನೋಡಿದರು. ನಾನು ಉಳ್ಳಾಗಡ್ಡಿ ಹೆಚ್ಚುತ್ತ ಕುಳಿತೆ.

"ಸರಕಾರಕ್ಕ ಪುಕ್ಕಟೆ ಕೊಡೂದೇನು?" ಅಂದರು.

ಅಕ್ಕವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು. ದನಿ ಏರಿಸದೆಯೇ ಹೇಳಿದರು: "ತಮ್ಮಾ, ಇಷ್ಟ ವರ್ಷ ನಿನ್ನ ಮನ್ಯಾಗ ಉಂಡೇನಿ. ಉಂಡಿ ಅಂತ ನೀ ಅಂದಿಲ್ಲ, ಸತ್ತಾಕಿ ನಿನ್ನ ಹೇಣ್ತೀನೂ ಅಂದಿಲ್ಲ. ಅದು ಖರೇ. ಆದ್ರ ಮಂದಿ ಅಂದಾರ. ಮದುವಿ ಮನ್ಯಾಗ ಅಂದಾರ, ಸತ್ತ ಮನ್ಯಾಗ ಅಂದಾರ. ಪಾಪ, ತಮ್ಮ ಇಟ್ಕೊಂಡಾನ ಅಂತಾರ. ಟ್ಯಾಕ್ಸ್ ಕಟ್ಟಾಕಿಗೆ ಯಾರು ಪಾಪ ಅಂತಾರ ಹೇಳು? ಒಂದ ಸಲ ಬೀಳಲಿ. ನಾ ಕಟ್ಟತೇನಿ."

ರಸೀದಿಗೆ ಹಚ್ಚಿದ್ದ ಸ್ಟಾಂಪು ಒಲೆಯ ಸೆಕೆಗೆ ಮಗ್ಗುಲಿಂದ ಏಳುತ್ತಿತ್ತು. ಮಾವ ಅದನ್ನು ಉಗುರಿನಿಂದ ಒತ್ತಿ ಒತ್ತಿ ಕೂರಿಸಿದರು. ಆಮೇಲೆ ಗೋಡೆ ಹಿಡಿದು ಎದ್ದು, ರೊಟ್ಟಿ ತಿನ್ನದೇ ಹೊರಗೆ ಹೋದರು.

ಅವರು ಕೆಟ್ಟವರಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂಥ ಕಥೆಗಳಲ್ಲಿ ಮಾವಂದಿರಿಗೆ ಸುಲಭವಾಗಿ ಕೊಂಬು ಮೂಡುತ್ತವೆ. ಅಕ್ಕನಿಗೆ ಹುಷಾರಿಲ್ಲದಾಗ ತಾವೇ ಗಂಜಿ ಕುಡಿಸಿದ ಮನುಷ್ಯ. ಆ ವಾರವೆಲ್ಲ ಕಟ್ಟೆಯ ಮೇಲೆ ಕುಳಿತು "ಕೊಟ್ಟಾಂವ ಕೋಡಂಗಿ, ಇಸ್ಕೊಂಡಾಂವ ಈರಭದ್ರ" ಎಂದು ಗೊಣಗಿದರು. ಒಮ್ಮೆ ಮಾತ್ರ ನನ್ನನ್ನು ಕರೆದು, "ತಂಗೀ, ನಾ ಆಕಿಗೆ ಏನು ಕಡಿಮಿ ಮಾಡೇನಿ?" ಎಂದು ಕೇಳಿದರು. ಏನೂ ಕಡಿಮೆ ಮಾಡಿಲ್ಲವೆಂದೆ. ಅದು ಸುಳ್ಳೂ ಅಲ್ಲ, ಪೂರ್ತಿ ಉತ್ತರವೂ ಅಲ್ಲ.

ಗಂಡ ನನ್ನ ಮೇಲೆ ಹರಿಹಾಯ್ದರು. "ನಿನ್ನ ಕಂಪ್ಯೂಟರ್ ಮನಿ ಒಡೀತು ನೋಡು."

"ಕಂಪ್ಯೂಟರ್ ತಂದಾವರು ಯಾರ್ರಿ?" ಎಂದೆ. ಹುಬ್ಬಳ್ಳಿಯ ದನಿಯಲ್ಲೇ ಎಂದೆ. ಅವರು ಸ್ಕೂಟರ್ ಹತ್ತಿ ಲಕಮನಹಳ್ಳಿಗೆ ಹೋದರು.

ಮಾರ್ಚ್ ಮುಗಿಯಿತು. ಸಹಿ ಬೀಳಲಿಲ್ಲ. ಮುಂದಿನ ವರ್ಷ ಎರಡೂ ಠೇವಣಿ ಅವಧಿ ತುಂಬಿ ಹಣ್ಣಾದವು. ಅಸಲನ್ನು ಅಕ್ಕವ್ವ ತಮ್ಮನನ್ನು ಕೇಳಿಯೇ ಮತ್ತೆ ಅದೇ ಬ್ಯಾಂಕಿನಲ್ಲಿ ಇಟ್ಟರು. ಅದನ್ನು ಬೇರೆ ಮಾಡಿಕೊಳ್ಳಬೇಕೆಂಬ ಹಟ ಅವರಿಗೆ ಎಂದೂ ಇರಲಿಲ್ಲ. ಬಡ್ಡಿಯನ್ನು ಮಾತ್ರ ತಮ್ಮ ಉಳಿತಾಯ ಖಾತೆಯಲ್ಲಿ ಇಟ್ಟುಕೊಂಡರು. ಪ್ಯಾನ್ ಕಾರ್ಡಿಗಾಗಿ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದೆ. ಫೋಟೋದವನು ನಗಿರಿ ಅಂದಾಗ, "ಟ್ಯಾಕ್ಸಿನವರಿಗೆ ನಗೂ ಮಾರಿ ಯಾಕ ಬೇಕು?" ಎಂದು ಕೇಳಿದರು.

ತೆರಿಗೆ ಕಟ್ಟುವ ದಿನ ಇಳಕಲ್ ಸೀರೆ ಉಟ್ಟು ಬಂದರು. ಬ್ಯಾಂಕಿನಲ್ಲಿ ಗದ್ದಲ. ಕೌಂಟರಿನವನು ತಲೆಯೆತ್ತದೇ ಪೆನ್ಶನ್ನಿನ ಸಾಲು ಆ ಕಡೆ ಇದೆ ಎಂದು ಕೈ ತೋರಿಸಿದ. ಪೆನ್ಶನ್ ಅಲ್ಲ, ತೆರಿಗೆಯ ಚಲನ್ ಎಂದೆ.

"ಯಾರ್ದ್ರಿ? ಯಜಮಾನ್ರದೇನ್ರಿ?" ಎಂದು ನನ್ನನ್ನು ಕೇಳಿದ.

"ನಂದಪಾ," ಅಂದರು ಅಕ್ಕವ್ವ.

ಅವನು ಆಗ ತಲೆಯೆತ್ತಿ ನೋಡಿದ. ಹಣ ಎಣಿಸಿ ಕೊಟ್ಟದ್ದು ಅಕ್ಕವ್ವನೇ. ಅವನು ಸಿಕ್ಕಾ ಒತ್ತಿ ಕೊಟ್ಟ ಪ್ರತಿಯನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡರು. ನಾನು ಬಾಗಿಲ ಕಡೆ ಹೊರಳಿದೆ. "ನಿಂದರು, ಇಲ್ಲೂ ಕೆಲಸ ಐತಿ," ಎಂದು ಠೇವಣಿಯ ಕೌಂಟರಿಗೆ ಹೋಗಿ, ಅಲ್ಲಿ ಕುಳಿತಿದ್ದ ಹುಡುಗಿಯ ಜೊತೆ ಏನೋ ಮಾತಾಡಿ, ಒಂದು ಕಾಗದ ತಂದು ನನ್ನ ಮುಂದೆ ಹಿಡಿದರು. ನನ್ನ ಮಗಳು ಸಾಲಿಯಿಂದ ಮನೆಗೆ ಬರುವ ಹೊತ್ತಾಗಿತ್ತು, ನನಗೆ ಅವಸರ.

"ಎಲ್ಲಿ ಹಾಕಬೇಕ್ರಿ?" ಎಂದೆ. ಬೆರಳು ತೋರಿಸಿದಲ್ಲಿ ಸಹಿ ಹಾಕಿದೆ.

ಆ ವರ್ಷ ದೀಪಾವಳಿ ಪಾಡ್ಯದಂದು ಮಾವ ಎಂದಿನಂತೆ ಮಣೆಯ ಮೇಲೆ ರಸೀದಿಗಳನ್ನು ಜೋಡಿಸಿದರು, ಪಕ್ಕಕ್ಕೆ ನನ್ನ ಲೆಕ್ಕದ ಫ್ಲಾಪಿ ಇಟ್ಟರು. ಅಕ್ಕ ತಮ್ಮ ಇಬ್ಬರಲ್ಲೂ ಮಾತುಕತೆ ನಡೆದಿತ್ತು, ಆದರೆ ತೆರಿಗೆಯ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಅಕ್ಕವ್ವ ಒಳಗಿನಿಂದ ಬಂದು ಚಲನ್ನಿನ ಪ್ರತಿಯನ್ನು ರಸೀದಿಗಳ ಮೇಲಿಟ್ಟರು. ಮಾವ ಅದನ್ನು ನೋಡಿದರು. ವಿಭೂತಿಯ ಬೆರಳು ಸ್ವಲ್ಪ ಹೊತ್ತು ಮೇಲೆಯೇ ನಿಂತಿತು. ಆಮೇಲೆ ಉಳಿದವಕ್ಕೆ ಹಚ್ಚಿದಂತೆ ಅದಕ್ಕೂ ಹಚ್ಚಿ, ಒಂದು ಹೂವು ಇಟ್ಟರು.

ಅಕ್ಕವ್ವ ಸೆರಗಿನ ಗಂಟು ಬಿಚ್ಚಿ ಇನ್ನೊಂದು ಕಾಗದ ತೆಗೆದರು. ಅದೂ ಠೇವಣಿ ರಸೀದಿ, ಹೊಸದು. ಮಾವ ಅದನ್ನು ಕಣ್ಣಿನ ಹತ್ತಿರ ಹಿಡಿದು ಹೆಸರು ಓದಿ, ನನ್ನ ಕೈಗೆ ಕೊಟ್ಟರು. ನನ್ನ ಹೆಸರಿತ್ತು. ಅಂದು ಬ್ಯಾಂಕಿನಲ್ಲಿ ನಾನು ಓದದೇ ಸಹಿ ಹಾಕಿದ ಕಾಗದ ಅದರ ಅರ್ಜಿಯಾಗಿತ್ತು. ಮೊತ್ತ ಸಣ್ಣದು, ಅವರ ಬಡ್ಡಿಯಲ್ಲಿ ತೆರಿಗೆ ಕಟ್ಟಿ ಉಳಿದದ್ದರಲ್ಲಿ ತೆಗೆದದ್ದು.

ಹಬ್ಬ ಮುಗಿದ ಮೇಲೆ ವಕೀಲರಿಗೆ ಫೋನ್ ಮಾಡಿ, ಮಾವನ ಅಕ್ಕ ಕೊಟ್ಟರೆ ಅದು ಯಾರ ಲೆಕ್ಕಕ್ಕೆ ಹೋಗುತ್ತದೆ ಎಂದು ಕೇಳಿದೆ. ಅದು ನಿಮ್ಮದೇ ಅಂದರು. ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕುಳಿತು ಹೊಸ ಖಾತೆ ತೆರೆದೆ. ಮಾಲೀಕರು ಯಾರು ಎಂದು ಅದು ಕೇಳಿತು. ನನ್ನ ಹೆಸರು ತುಂಬಿದೆ. ಇಷ್ಟು ದಿನ ಸೊನ್ನೆ ಇದ್ದ ಪುಟದಲ್ಲಿ ಒಂದು ಸಾಲು ಬಂತು. ಅದನ್ನು ಪ್ರಿಂಟ್ ತೆಗೆದು ಅಕ್ಕವ್ವನಿಗೆ ತೋರಿಸಿದೆ. ಅವರು ಆ ಒಂದು ಸಾಲಿನ ಕೆಳಗೆ ಬೆರಳಿಟ್ಟು ಕೊನೆಯವರೆಗೂ ಎಳೆದರು.

"ಇದಕ್ಕ ಟ್ಯಾಕ್ಸ್ ಬೀಳತೈತೇನು?"

"ಎಲ್ಲಿಂದ್ರಿ, ಇಷ್ಟಕ್ಕ ಬೀಳೂದಿಲ್ಲ."

"ಹಂಗಾರ ಇನ್ನೊಂದಿಷ್ಟು ಇಡೂಣು ತಗೋ," ಅಂದರು ಅಕ್ಕವ್ವ. "ಬೀಳೂಮಟಾ ಇಡೂಣು."